ಹಣ್ಣಿನ ಚಿತ್ರ ನೋಡಿ ಬೀಜ ತರಬೇಡಿ: ಕರಾವಳಿಯ ಹಿತ್ತಿಲಿಗೆ ಟೊಮೆಟೊ, ಮೆಣಸಿನ ತಳಿ ಆರಿಸುವ ಬಗೆ

ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಟೊಮೆಟೊ ಗಿಡ, ನಾನು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ತಲೆ ಬಾಗಿಸಿತ್ತು. ಎಲೆ ಹಳದಿಯಾಗಿರಲಿಲ್ಲ. ಹುಳ ಕಾಣಲಿಲ್ಲ. ಹಸಿರಾಗಿಯೇ ಬಾಡಿತ್ತು. "ನೀರು ಸಾಲಲಿಲ್ಲ ಕಾಣ್ತದೆ ಮಾರಾಯ್ರೆ, ಎರಡು ಕೊಡ ಹೆಚ್ಚು ಹಾಕಿ" ಎಂದರು ಪಕ್ಕದ ಮನೆಯ ಅಕ್ಕ. ಹಾಕಿದೆ. ಸಂಜೆಗೆ ಸ್ವಲ್ಪ ಚೇತರಿಸಿಕೊಂಡಿತು. ಮರುದಿನ ಮತ್ತೆ ಬಾಗಿತು. ನಾಲ್ಕನೇ ದಿನ ಸತ್ತೇ ಹೋಯಿತು. ಅದರ ಬೆನ್ನಿಗೇ ಸಾಲಿನಲ್ಲಿದ್ದ ಉಳಿದ ಹನ್ನೊಂದೂ ಹೋದವು. ಕಾಯಿ ಆಗಷ್ಟೇ ಗೋಲಿ ಗಾತ್ರಕ್ಕೆ ಬಂದಿದ್ದವು.

ಬೀಜ ಕೊಟ್ಟ ಅಂಗಡಿಯವರು "ಘಟ್ಟದ ಮೇಲೆ ಎಕರೆಗಟ್ಟಲೆ ಹಾಕುವ ತಳಿ ಇದು, ಫಸ್ಟ್ ಕ್ಲಾಸ್" ಎಂದಿದ್ದರು. ಸುಳ್ಳೇನಲ್ಲ. ಘಟ್ಟದ ಮೇಲೆ ಅದು ಫಸ್ಟ್ ಕ್ಲಾಸೇ. ನಮ್ಮ ಮನೆ ಇರುವುದು ಘಟ್ಟದ ಕೆಳಗೆ, ಉಡುಪಿಯ ಹತ್ತಿರ ಕಟಪಾಡಿ ಕಡೆ. ಎಡವಟ್ಟು ಆದದ್ದು ಅಲ್ಲಿಯೇ.

ನಾವು ಸಾಮಾನ್ಯವಾಗಿ ತಳಿ ಆರಿಸುವುದು ಪೊಟ್ಟಣದ ಮೇಲಿನ ಕೆಂಪು ಹಣ್ಣನ್ನು ನೋಡಿ. ಕರಾವಳಿಯಲ್ಲಿ ಆ ಕ್ರಮ ತಿರುಗುಮುರುಗು ಆಗಬೇಕು. ಮೊದಲು ಬೇರು, ಆಮೇಲೆ ಕಾಲ, ಕೊನೆಗೆ ಅಡುಗೆಮನೆ. ನಾನೂ ಅದೇ ಕ್ರಮದಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲ ಹೆಜ್ಜೆ: ಮಣ್ಣಿನಲ್ಲಿ ಸೊರಗು ರೋಗ ಇದೆಯಾ ನೋಡಿ

ಹಿಂದಿನ ವರ್ಷಗಳಲ್ಲಿ ನಿಮ್ಮ ಹಿತ್ತಿಲಿನಲ್ಲಿ ಟೊಮೆಟೊ, ಬದನೆ, ಮೆಣಸು ಯಾವುದಾದರೂ ಹೀಗೆ ಹಸಿರಾಗಿಯೇ ಬಾಡಿ ಸತ್ತಿತ್ತಾ? ಹಾಗಿದ್ದರೆ ಅದು ದುಂಡಾಣು ಸೊರಗು ರೋಗ ಇರುವ ಸಾಧ್ಯತೆ ಜಾಸ್ತಿ. ಪರೀಕ್ಷೆ ಮಾಡಲು ಒಂದು ಗಾಜಿನ ಲೋಟ ಸಾಕು.

ಬಾಡಿದ ಗಿಡವನ್ನು ಕಿತ್ತು, ಬುಡದ ಹತ್ತಿರ ನಾಲ್ಕು ಬೆರಳು ಉದ್ದದ ಕಾಂಡ ಕತ್ತರಿಸಿ. ಲೋಟದಲ್ಲಿ ತಿಳಿ ನೀರು ತುಂಬಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಕಾಂಡವನ್ನು ಹಿಡಿಯಿರಿ. ಅಲುಗಾಡಿಸಬೇಡಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನ ಹಾಗೆ ಬಿಳಿ ಎಳೆ ಇಳಿದು ಬಂದರೆ ಅನುಮಾನವೇ ಬೇಡ. ಕಾಂಡದ ನೀರಿನ ಕೊಳವೆಯೊಳಗೆ ಕೋಟಿಗಟ್ಟಲೆ ತುಂಬಿಕೊಂಡ ರಾಲ್‌ಸ್ಟೋನಿಯಾ ಎಂಬ ದುಂಡಾಣು ಅದು. ಕೊಳವೆ ಕಟ್ಟಿಹೋದ ಮೇಲೆ ಬುಡಕ್ಕೆ ಎಷ್ಟು ಕೊಡ ಸುರಿದರೂ ನೀರು ಎಲೆಗೆ ಏರುವುದಿಲ್ಲ. ಅಕ್ಕನ ಎರಡು ಕೊಡ ಯಾಕೆ ಪ್ರಯೋಜನಕ್ಕೆ ಬರಲಿಲ್ಲ ಎಂದು ಆ ಲೋಟ ನೋಡಿದ ಮೇಲೆ ಗೊತ್ತಾಯಿತು. ಬಿಳಿ ಎಳೆ ಬರದಿದ್ದರೆ ಬೇರೆ ಕಾರಣ ಹುಡುಕಬೇಕು. ಬೇರು ಕೊಳೆತಿರಬಹುದು, ಶಿಲೀಂಧ್ರದ ಸೊರಗು ಇರಬಹುದು, ಗೊಣ್ಣೆಹುಳ ಬೇರು ತಿಂದಿರಬಹುದು.

ಈ ದುಂಡಾಣುವಿಗೆ ಬೇಕಾದದ್ದು ಸೆಖೆ, ತೇವ, ಹುಳಿ ಮಣ್ಣು. ನಮ್ಮಲ್ಲಿ ಮೂರೂ ಇವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆ ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಿಂದ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಹುಳಿ. ಒಮ್ಮೆ ಸೇರಿಕೊಂಡ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಹರಿಯುವ ಮಳೆನೀರಿನ ಜೊತೆ, ಹಾರೆಗೆ ಅಂಟಿದ ಮಣ್ಣಿನ ಜೊತೆ, ನರ್ಸರಿಯಿಂದ ತಂದ ಸಸಿಯ ಜೊತೆ ಊರಾಡುತ್ತದೆ. ಬಾಡಿದ ಗಿಡವನ್ನು ಉಳಿಸುವ ಮದ್ದು ಇಲ್ಲ. ಅಂಥ ಗಿಡವನ್ನು ಬೇರಿನ ಮಣ್ಣಿನ ಸಮೇತ ತೆಗೆದು ದೂರ ಹಾಕಿ ಅಥವಾ ಸುಟ್ಟುಬಿಡಿ. ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ.

ಬದನೆ, ಟೊಮೆಟೊ, ಮೆಣಸು, ಬಟಾಟೆ ಎಲ್ಲ ಒಂದೇ ಕುಟುಂಬ. ನಮ್ಮ ಮನೆಯಿಂದ ಮಟ್ಟು ದೂರವಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟು ಗುಳ್ಳ ಎಂಬ ಬದನೆಯ ಊರಿಗೆ ಇಷ್ಟು ಹತ್ತಿರ ಇದ್ದ ಮೇಲೆ ಹಿತ್ತಿಲಿನಲ್ಲಿ ಗುಳ್ಳ ಹಾಕದೆ ಇರಲಾಗುತ್ತದಾ? ನಾನು ಗುಳ್ಳ ಕಿತ್ತ ಜಾಗದಲ್ಲೇ ಟೊಮೆಟೊ ನೆಟ್ಟಿದ್ದೆ. ತಪ್ಪು ನನ್ನದೇ. ಇವುಗಳಲ್ಲಿ ಒಂದು ಬೆಳೆದ ಜಾಗಕ್ಕೆ ಮುಂದಿನ ಎರಡು ಮೂರು ವರ್ಷ ಅಲಸಂಡೆ, ಬೆಂಡೆ, ಹರಿವೆ, ಸೌತೆ ಹಾಕಿ.

ಲೋಟದ ಪರೀಕ್ಷೆಗೆ ಸತ್ತ ಗಿಡ ಸಿಗಲಿಲ್ಲ, ಹೊಸದಾಗಿ ಶುರು ಮಾಡುತ್ತಿದ್ದೀರಿ ಎಂದಾದರೆ? ರೋಗ ಇದೆ ಎಂದೇ ಲೆಕ್ಕ ಹಾಕಿ ತಳಿ ಆರಿಸಿ. ಕರಾವಳಿಯಲ್ಲಿ ಇದು ಕ್ಷೇಮ.

ಎರಡನೇ ಹೆಜ್ಜೆ: ರಾತ್ರಿಯ ಸೆಖೆ ಲೆಕ್ಕ ಹಾಕಿ

ಟೊಮೆಟೊಗೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಖೆ ಹೆಚ್ಚು ತೊಂದರೆ ಕೊಡುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಹೂವು ಕಾಯಾಗಲು ಅದಕ್ಕೆ ರಾತ್ರಿ ಸುಮಾರು 15ರಿಂದ 20 ಡಿಗ್ರಿ ಇದ್ದರೆ ಖುಷಿ. ರಾತ್ರಿಯೂ 24 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಮಂಗಳೂರಿನಲ್ಲಿ ಅತಿ ತಂಪು ಎನ್ನುವ ಜನವರಿ ರಾತ್ರಿಯೇ 21 ಡಿಗ್ರಿಯ ಆಸುಪಾಸು. ಏಪ್ರಿಲ್, ಮೇ ಬಂದರೆ 25 ಮೇಲೆ. ಅಂದರೆ ನಮ್ಮ ಅತ್ಯುತ್ತಮ ಕಾಲ ಕೂಡ ಟೊಮೆಟೊಗೆ ಅಂಚಿನಲ್ಲೇ ಇದೆ. ಗಿಡ ದಟ್ಟವಾಗಿ, ಎತ್ತರಕ್ಕೆ ಬೆಳೆದು, ಹೂ ತುಂಬಿ, ಒಂದೂ ಕಾಯಿ ಕಚ್ಚದೆ ಇದ್ದರೆ ಗೊಬ್ಬರಕ್ಕೆ ಬೈಯಬೇಡಿ. ಕ್ಯಾಲೆಂಡರ್ ನೋಡಿ.

ಹಾಗಾಗಿ ಹೂ ಬಿಡುವುದು ನವೆಂಬರ್ ಕೊನೆಯಿಂದ ಜನವರಿ ಒಳಗೆ ಆಗಬೇಕು. ಹಿಂದಕ್ಕೆ ಎಣಿಸಿ. ನೆಟ್ಟು ತಿಂಗಳಿಗೆ ಹೂ. ನೆಡಲು 25ರಿಂದ 30 ದಿನದ ಸಸಿ. ಹಾಗಾದರೆ ಬೀಜ ಹಾಕುವುದು ಸೆಪ್ಟೆಂಬರ್ ಕೊನೆಗೆ, ತುಳು ಲೆಕ್ಕದಲ್ಲಿ ನಿರ್ನಾಲ ತಿಂಗಳಲ್ಲಿ. ನಾನು ಚೌತಿ ಗಲಾಟೆ ಮುಗಿದ ಮೇಲೆ ಮಡಿ ತಯಾರಿ ಶುರು ಮಾಡುತ್ತೇನೆ, ದೀಪಾವಳಿಯ ಆಸುಪಾಸಿನಲ್ಲಿ ನೆಡುತ್ತೇನೆ. ನವೆಂಬರ್ ಮೊದಲ ವಾರ ಇನ್ನೊಂದು ಚಿಕ್ಕ ಕಂತು ಬೀಜ ಹಾಕಿದರೆ ಮಾರ್ಚ್‌ವರೆಗೂ ಹಣ್ಣು ಸಿಗುತ್ತದೆ. ಮಳೆಗಾಲಕ್ಕೆ ಟೊಮೆಟೊ ಬೇಡವೇ ಬೇಡ. ಆಟಿಯ ಮಳೆಯಲ್ಲಿ ಟೊಮೆಟೊ ಬೆಳೆಸುತ್ತೇನೆ ಎಂದು ಹೊರಟು ಎರಡು ವರ್ಷ ಪ್ಲಾಸ್ಟಿಕ್ ಮಾಡು ಕಟ್ಟಿದವನು ನಾನು. ಮಾಡು ಉಳಿಯಿತು, ಟೊಮೆಟೊ ಉಳಿಯಲಿಲ್ಲ.

ಮೆಣಸಿಗೆ ಇಷ್ಟು ನಖರಾ ಇಲ್ಲ. ಸೆಖೆ ತಡೆಯುತ್ತದೆ. ಚಟ್ಟಿಯಲ್ಲಿ ಹಾಕಿ ಮಳೆಗಾಲದಲ್ಲಿ ಮಾಡಿನ ಕೆಳಗೆ ಸರಿಸಿದರೆ ಎರಡು ವರ್ಷವೂ ಬದುಕುತ್ತದೆ.

ಮೂರನೇ ಹೆಜ್ಜೆ: ಟೊಮೆಟೊ ತಳಿಯ ಪಟ್ಟಿ ಸಣ್ಣದು ಮಾಡಿ

ಕೋಲಾರದ ಮಾರುಕಟ್ಟೆಯ ದೊಡ್ಡಸ್ತಿಕೆ ಎಲ್ಲರಿಗೂ ಗೊತ್ತು. ಅಲ್ಲಿಂದ ಬರುವ ಹಣ್ಣನ್ನು ನಾವೂ ತಿನ್ನುತ್ತೇವೆ. ಆದರೆ ಬೀಜದ ವಿಷಯಕ್ಕೆ ಬಂದರೆ ನಾವು ಪೂರ್ವಕ್ಕಲ್ಲ, ದಕ್ಷಿಣಕ್ಕೆ ನೋಡಬೇಕು. ಕೇರಳದ ಮಣ್ಣು, ಮಳೆ, ಸೆಖೆ ನಮ್ಮದರ ಹಾಗೆಯೇ. ಸೊರಗು ರೋಗದ ಕಾಟವೂ ಹಾಗೆಯೇ. ಅದಕ್ಕಾಗಿ ಕೇರಳ ಕೃಷಿ ವಿಶ್ವವಿದ್ಯಾಲಯದವರು ಸೊರಗು ತಡೆಯುವ ಟೊಮೆಟೊ ತಳಿಗಳನ್ನೇ ಬೆಳೆಸಿದ್ದಾರೆ: ಶಕ್ತಿ, ಮುಕ್ತಿ, ಅನಘ. ಇವು ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಹಣ್ಣು ಪೇಟೆಯ ಟೊಮೆಟೊದಷ್ಟು ಚಂದ ಕಾಣಲಿಕ್ಕಿಲ್ಲ. ಗಿಡ ನಿಂತಿರುತ್ತದೆ ಎಂಬುದೇ ಅವುಗಳ ಚಂದ.

ಇನ್ನೊಂದು ಕಡೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಅವರ ತಳಿಗಳ ಹೆಸರೆಲ್ಲ 'ಅರ್ಕಾ' ಎಂದು ಶುರುವಾಗುತ್ತದೆ. ಇಲ್ಲಿ ಎಚ್ಚರ ಬೇಕು, ಯಾಕೆಂದರೆ ಎಲ್ಲ ಅರ್ಕಾವೂ ಒಂದಲ್ಲ. ಅರ್ಕಾ ವಿಕಾಸ್, ಅರ್ಕಾ ಸೌರಭ್ ಒಳ್ಳೆಯ ತಳಿಗಳೇ, ಆದರೆ ಅವನ್ನು ಸೊರಗು ರೋಗಕ್ಕಾಗಿ ಮಾಡಿದ್ದಲ್ಲ. ನಮಗೆ ಬೇಕಾದ ಹೆಸರುಗಳು ಅರ್ಕಾ ಆಭಾ ಮತ್ತು ಅರ್ಕಾ ಆಲೋಕ್. ಎರಡೂ ಸೊರಗು ತಡೆಯುತ್ತವೆ, ಎರಡರ ಬೀಜವನ್ನೂ ಇಟ್ಟುಕೊಳ್ಳಬಹುದು. ಹೈಬ್ರಿಡ್ ಆದರೂ ಅಡ್ಡಿಯಿಲ್ಲ ಎನ್ನುವವರಿಗೆ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಇವೆ. ಸೊರಗು, ಬಿಳಿ ನೊಣ ತರುವ ಎಲೆ ಮುರುಟು ವೈರಸ್, ಎಲೆಯ ಮೇಲೆ ಉಂಗುರ ಉಂಗುರದ ಕಂದು ಚುಕ್ಕೆ ಬರಿಸುವ ಅಂಗಮಾರಿ, ಈ ಮೂರನ್ನೂ ತಡೆಯುವಂತೆ ಮಾಡಿದವು. ಆಮೇಲೆ ಬಂದ ಅರ್ಕಾ ಅಭೇದ್ ಇನ್ನೊಂದು ಬಗೆಯ ಅಂಗಮಾರಿಯನ್ನೂ ಸೇರಿಸಿ ನಾಲ್ಕನ್ನು ತಡೆಯುತ್ತದೆ.

ಅರ್ಕಾ ರಕ್ಷಕ್ ಒಂದೇ ಗಿಡದಲ್ಲಿ ಹದಿನೈದು ಕಿಲೋಗೂ ಮೇಲೆ ಬಿಟ್ಟ ಸುದ್ದಿ ನೀವೂ ಓದಿರಬಹುದು. ಅದು ಹನಿ ನೀರಾವರಿ, ರಸಗೊಬ್ಬರ, ಬಯಲು ಸೀಮೆಯ ತಂಪು ರಾತ್ರಿ ಎಲ್ಲ ಕೂಡಿದಾಗಿನ ಲೆಕ್ಕ. ನನಗೆ ಒಂದು ಗಿಡದಿಂದ ಸಿಕ್ಕಿದ್ದು ಎರಡೂವರೆ ಕಿಲೋ. ಆ ವರ್ಷ ನಾನು ಊರಿಡೀ ಹೇಳಿಕೊಂಡು ತಿರುಗಿದೆ.

ಪೊಟ್ಟಣ ಓದುವಾಗ ಎರಡು ವಿಷಯ ನೋಡಿ. 'ರೋಗ ನಿರೋಧಕ' ಎಂದು ಸುಮ್ನೆ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಯಾವ ರೋಗ ಎಂದು ಕೇಳಿ. ಸೊರಗು ಎಂದೋ 'ಬಿ.ಡಬ್ಲ್ಯು.' (ಬ್ಯಾಕ್ಟೀರಿಯಲ್ ವಿಲ್ಟ್, ಅಂದರೆ ಇದೇ ಸೊರಗು) ಎಂಬ ಗುರುತೋ ಇದ್ದರೆ ಮಾತ್ರ ನಮ್ಮ ಕೆಲಸಕ್ಕೆ. ಇನ್ನೊಂದು, ಗಿಡದ ಸ್ವಭಾವ. ಕೆಲವು ಒಂದು ಎತ್ತರಕ್ಕೆ ಬಂದು ನಿಂತು, ಹೆಚ್ಚುಕಡಿಮೆ ಒಟ್ಟಿಗೇ ಕಾಯಿ ಬಿಟ್ಟು ಮುಗಿಸುತ್ತವೆ. ಕೆಲವು ಬಳ್ಳಿಯ ಹಾಗೆ ಬೆಳೆಯುತ್ತಲೇ ಇರುತ್ತವೆ. ನಮ್ಮ ತಂಪಿನ ಕಾಲ ಚಿಕ್ಕದು. ಹಾಗಾಗಿ ಬೇಗ ಮುಗಿಸುವ ಗಿಡ್ಡ ಅಥವಾ ನಡುಮಟ್ಟದ ಗಿಡವೇ ಲಾಭ. ಮೇಲೆ ಹೇಳಿದ ಅರ್ಕಾ ಹೈಬ್ರಿಡ್‌ಗಳು ನಡುಮಟ್ಟದವು. ಎದೆಯೆತ್ತರದ ಕೋಲು ಕೊಟ್ಟರೆ ಸಾಕು.

ಗಟ್ಟಿ ಸಿಪ್ಪೆ ಬೇಕಾ? ಲಾರಿಯಲ್ಲಿ ಹೋಗುವ ಹಣ್ಣಿಗೆ ಬೇಕು. ನಿಮ್ಮ ಹಣ್ಣು ಹಿತ್ತಿಲಿನಿಂದ ಒಲೆಯ ಹತ್ತಿರಕ್ಕೆ ಇಪ್ಪತ್ತು ಹೆಜ್ಜೆ ಹೋದರೆ ಆಯಿತು. ಸಾರಿಗೆ, ಗೊಜ್ಜಿಗೆ ತೆಳು ಸಿಪ್ಪೆಯ, ರಸ ಜಾಸ್ತಿ ಇರುವ, ಹುಳಿ ಹಣ್ಣೇ ರುಚಿ.

ಚಿಕ್ಕ ಚೆರಿ ಟೊಮೆಟೊವನ್ನು ಮರೆಯಬೇಡಿ. ಸೆಖೆಯಲ್ಲೂ ದೊಡ್ಡ ಹಣ್ಣಿನ ತಳಿಗಳಿಗಿಂತ ಸಲೀಸಾಗಿ ಕಾಯಿ ಕಚ್ಚುತ್ತದೆ. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ತಾನಾಗಿ ಹುಟ್ಟಿದ ಗಿಡವೊಂದು ನಮ್ಮಲ್ಲಿ ಮೂರು ವರ್ಷದಿಂದ ಮರುಹುಟ್ಟು ಪಡೆಯುತ್ತಿದೆ. ಅದರ ತಳಿ ಯಾವುದೋ ದೇವರಿಗೇ ಗೊತ್ತು. ನಿಮ್ಮ ಹಿತ್ತಿಲಿನಲ್ಲೂ ಅಂಥದ್ದು ಇದ್ದರೆ ಕೀಳಬೇಡಿ. ಆ ಮಣ್ಣಿನಲ್ಲಿ ಬದುಕಿ ತೋರಿಸಿದೆ ಅಲ್ವಾ, ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ.

ನಾಲ್ಕನೇ ಹೆಜ್ಜೆ: ಮೆಣಸನ್ನು ಅಡುಗೆಮನೆಯಿಂದ ಆರಿಸಿ

ಟೊಮೆಟೊದಲ್ಲಿ ರೋಗಕ್ಕೆ ಹೆದರಿ ಆರಿಸಿದೆವು. ಮೆಣಸಿನಲ್ಲಿ ಸ್ವಲ್ಪ ಸ್ವಾತಂತ್ರ್ಯ ಇದೆ. ಪೋರ್ಚುಗೀಸರ ಜೊತೆ ಹಡಗಿನಲ್ಲಿ ಬಂದ ಈ ಕಾಯಿ ನಮ್ಮ ಕರಾವಳಿಗೆ ಎಷ್ಟು ಒಗ್ಗಿದೆ ಎಂದರೆ, ಮೊದಲಿನಿಂದ ಇದ್ದ ಕಾಳಿಗೆ 'ಒಳ್ಳೆಮೆಣಸು' ಎಂದು ಹೇಳಿ, 'ಮೆಣಸು' ಎಂಬ ಹೆಸರನ್ನು ಇದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಒಂದು ಚೀಟಿ ತೆಗೆದುಕೊಂಡು ನಿಮ್ಮ ಮನೆಯಲ್ಲಿ ಮೆಣಸು ಯಾವುದಕ್ಕೆಲ್ಲ ಬೇಕು ಎಂದು ಬರೆಯಿರಿ. ಚಟ್ನಿ, ಒಗ್ಗರಣೆಗೆ ದಿನಾ ಹಸಿಮೆಣಸು. ಮಜ್ಜಿಗೆ, ತಂಬುಳಿಗೆ ನುರಿಯಲು ಖಾರದ ಚಿಕ್ಕ ಮೆಣಸು. ಸಂಜೆ ಪೋಡಿಗೆ, ಅಂದರೆ ಬಜ್ಜಿಗೆ, ದಪ್ಪ ಮೆಣಸು. ಬೇಸಿಗೆಯಲ್ಲಿ ಬಾಳಕ ಹಾಕಲು. ಗಸಿಗೆ, ಪುಳಿಮುಂಚಿಗೆ ಒಣಮೆಣಸು. ಒಂದೇ ತಳಿ ಇಷ್ಟನ್ನೂ ಮಾಡುವುದಿಲ್ಲ.

ದಿನದ ಹಸಿಮೆಣಸಿಗೆ ಮತ್ತೆ ಕೇರಳದ ಕಡೆಗೇ ಹೋಗುತ್ತೇನೆ. ಉಜ್ವಲ ಎಂಬ ತಳಿ ಗೊಂಚಲು ಗೊಂಚಲಾಗಿ, ಆಕಾಶಕ್ಕೆ ಮುಖ ಮಾಡಿ ಕಾಯಿ ಬಿಡುತ್ತದೆ. ಖಾರ ಜೋರು. ಸೊರಗು ತಡೆಯುತ್ತದೆ. ಗಿಡ ಹೆಚ್ಚು ಜಾಗ ತಿನ್ನುವುದಿಲ್ಲ. ಮಕ್ಕಳಿರುವ ಮನೆಗೆ ಅಷ್ಟು ಖಾರ ಬೇಡ ಎಂದಾದರೆ ಅನುಗ್ರಹ ಹಾಕಿ. ಅದೂ ಸೊರಗು ತಡೆಯುವ ತಳಿಯೇ, ಉದ್ದ ಕಾಯಿ, ಹದವಾದ ಖಾರ. ನಾಲ್ಕು ಜನರ ಮನೆಗೆ ಎಲ್ಲ ಸೇರಿ ನಾಲ್ಕೈದು ಗಿಡ ಸಾಕು. ಹತ್ತು ನೆಟ್ಟರೆ ಊರಿಗೆ ಹಂಚಬೇಕಾಗುತ್ತದೆ.

ಗಾಂಧಾರಿ ಮೆಣಸನ್ನು ನಾವು ಆರಿಸಬೇಕಾಗಿಯೇ ಇಲ್ಲ, ಅದು ತಾನಾಗಿಯೇ ಬರುತ್ತದೆ. ಕೆಲವರು ಸೂಜಿಮೆಣಸು, ಜೀರಿಗೆ ಮೆಣಸು ಎನ್ನುವುದೂ ಇದನ್ನೇ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ತಿಂದು ಅಲ್ಲಲ್ಲಿ ಬಿತ್ತುತ್ತವೆ. ಅಡಿಕೆ ಮರದ ಅರೆನೆರಳಿನಲ್ಲೂ ಕಾಯಿ ಬಿಡುತ್ತದೆ, ವರ್ಷಗಟ್ಟಲೆ ಇರುತ್ತದೆ. ಬಿಸಿಲು ಕಡಿಮೆ ಇರುವ ಹಿತ್ತಿಲಿನವರಿಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ, ಇದೊಂದನ್ನು ಹಾಕಿ ಎನ್ನುತ್ತೇನೆ.

ಒಣಮೆಣಸಿನ ವಿಷಯದಲ್ಲಿ ನನಗೂ ನನ್ನ ತಂಗಿಗೂ ಜಗಳವೇ ಆಗಿದೆ. ಅವಳದು ಮಂಗಳೂರಿನ ಬಿಜೈಯಲ್ಲಿ ಮನೆ, ತಾರಸಿ ತುಂಬ ಚೀಲ. "ಅಣ್ಣ, ಬ್ಯಾಡಗಿ ಹಾಕುವ, ಮಸಾಲೆಗೆ ವರ್ಷಕ್ಕಾಗುವಷ್ಟು ಆಗ್ತದೆ" ಎಂದಳು. ಬ್ಯಾಡಗಿ ಹಾವೇರಿ ಕಡೆಯ ಒಣಹವೆಯ ಮೆಣಸು. ಗಿಡ ಇಲ್ಲಿಯೂ ಬರುತ್ತದೆ. ಆದರೆ ಒಂದು ಕಿಲೋ ಒಣಮೆಣಸಿಗೆ ನಾಲ್ಕು ಕಿಲೋದಷ್ಟು ಹಣ್ಣುಮೆಣಸು ಬೇಕು. ಮತ್ತೆ ನಮ್ಮ ಕಡಲ ಗಾಳಿಯಲ್ಲಿ ಒಣಗಿಸುವುದು ತಮಾಷೆಯಲ್ಲ. ಬೆಳಿಗ್ಗೆ ಗರಿಗರಿ ಅನಿಸಿದ್ದು ರಾತ್ರಿಗೆ ಮೆತ್ತಗಾಗುತ್ತದೆ, ಒಳಗೆ ಬೂಸ್ಟು ಹಿಡಿಯುತ್ತದೆ. ತಂಗಿ ಹದಿನಾಲ್ಕು ಚೀಲದಿಂದ ಒಣಗಿಸಿ ತೆಗೆದದ್ದು ಅರ್ಧ ಕಿಲೋ. ಮಸಾಲೆಯ ಮೆಣಸನ್ನು ಪೇಟೆಯಿಂದ ತನ್ನಿ, ಜಾಗವನ್ನು ಹಸಿಮೆಣಸಿಗೆ ಕೊಡಿ ಎಂಬುದು ನನ್ನ ಮಾತು.

ಒಂದು ವಿನಾಯಿತಿ ಇದೆ. ಅಡ್ಯಾರಿನ ಎದುರು ದಡದಲ್ಲಿ, ನೇತ್ರಾವತಿಯ ಆಚೆ ಇರುವ ಹರೇಕಳದ ಹೆಸರಿನ ಮೆಣಸು. ಮಂಗಳೂರಿನ ಹಳೆಯ ಮನೆಗಳಲ್ಲಿ ಹರೇಕಳ ಮೆಣಸು ಎಂದರೆ ಅದರ ಮಾತೇ ಬೇರೆ. ಇದರ ಬೀಜ ಪೊಟ್ಟಣದಲ್ಲಿ ಹುಡುಕಬೇಡಿ. ಬೆಳೆಯುವವರ ಮನೆಯಿಂದ ನಾಲ್ಕು ಹಣ್ಣುಮೆಣಸು ಕೇಳಿ ತನ್ನಿ. ಇಲ್ಲಿನ ಮಣ್ಣು, ಹವೆ ಎರಡನ್ನೂ ಬಲ್ಲ ಬೀಜ ಅದು.

ಪೋಡಿಗೆ ಬಜ್ಜಿ ಮೆಣಸಿನ ಒಂದೆರಡು ಗಿಡ ಚಟ್ಟಿಯಲ್ಲಿ ಇರಲಿ. ಬಾಳಕಕ್ಕೆ ಸ್ವಲ್ಪ ದಪ್ಪ ಸಿಪ್ಪೆಯ, ಖಾರ ಕಡಿಮೆಯ ಕಾಯಿ ಬೇಕು. ಅಕ್ಟೋಬರಿನಲ್ಲಿ ನೆಟ್ಟ ಗಿಡ ಫೆಬ್ರವರಿ, ಮಾರ್ಚಿನ ಬಿಸಿಲಿಗೆ ಸರಿಯಾಗಿ ಕಾಯಿ ಕೊಡುತ್ತದೆ. ಉಪ್ಪು ಮಜ್ಜಿಗೆಯಲ್ಲಿ ಅದ್ದಿ ಒಣಗಿಸಲು ಅದೇ ಸಮಯ.

ಮೆಣಸಿಗೆ ಸೊರಗಿಗಿಂತ ದೊಡ್ಡ ಕಾಟ ಎಲೆ ಮುರುಟುವುದು. ಎಲೆ ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ, ಕೊಡೆಯ ಹಾಗೆ ಮಡಚಿದ್ದರೆ ಮೈಟ್ ನುಸಿ. ಬೇವಿನೆಣ್ಣೆಗೆ ಸ್ವಲ್ಪ ಸಾಬೂನು ನೀರು ಕಲಸಿ ಎಲೆಯ ಅಡಿಭಾಗಕ್ಕೆ ಸಂಜೆ ಹೊತ್ತು ಸಿಂಪಡಿಸಿ. ಬಿಳಿ ನೊಣ ತರುವ ಮುರುಟು ವೈರಸ್ ಆದರೆ ಗಿಡ ಸರಿಹೋಗುವುದಿಲ್ಲ. ವರ್ಷವೂ ಇದೇ ಕಾಟ ಇರುವವರು ಹೆಸರಘಟ್ಟದ ಅರ್ಕಾ ತೇಜಸ್ವಿ, ಅರ್ಕಾ ಸಾನ್ವಿಯಂಥ ಹೊಸ ಹೈಬ್ರಿಡ್‌ಗಳನ್ನು ನೋಡಬಹುದು. ಈ ವೈರಸ್ಸನ್ನು ತಡೆಯಲೆಂದೇ ಅವನ್ನು ಮಾಡಿದ್ದು.

ಐದನೇ ಹೆಜ್ಜೆ: ದೊಣ್ಣೆಮೆಣಸು ಬೇಕೇ ಬೇಕಾ?

ಬೇಡ ಎನ್ನುವುದು ನನ್ನ ಉತ್ತರ. ಕ್ಯಾಪ್ಸಿಕಂ ತಂಪು ಬಯಸುವ ಗಿಡ. ಹಗಲು 32 ಡಿಗ್ರಿ ದಾಟಿದರೆ ಹೂ ಉದುರಿಸುತ್ತದೆ. ನಮ್ಮಲ್ಲಿ ಡಿಸೆಂಬರಿನ ಹಗಲೂ ಅಷ್ಟಿರುತ್ತದೆ. ಹಟ ಇದ್ದರೆ ಸೊರಗನ್ನು ಸ್ವಲ್ಪ ತಡೆದುಕೊಳ್ಳುವ ಅರ್ಕಾ ಗೌರವ್ ತನ್ನಿ, ಎರಡೇ ಗಿಡ ಹಾಕಿ, ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆ ಇಡಿ. ಮೂರು ಕಾಯಿ ಸಿಕ್ಕಿದರೆ ಫೋಟೊ ತೆಗೆದಿಡಿ.

ಆರನೇ ಹೆಜ್ಜೆ: ಬೀಜ ತರುವುದು

ಟೊಮೆಟೊ ಬೀಜ ಒಂದು ಗ್ರಾಂನಲ್ಲಿ ಸುಮಾರು 300 ಇರುತ್ತವೆ. ರೈತರಿಗಾಗಿ ಮಾಡಿದ 10 ಗ್ರಾಂ ಪೊಟ್ಟಣ ತಂದರೆ ಮೂರು ಸಾವಿರ ಗಿಡ! ಚಿಕ್ಕ ಪೊಟ್ಟಣ ಹುಡುಕಿ, ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದು ತನ್ನಿ. ಹೆಸರಘಟ್ಟದ ಸಂಸ್ಥೆ ತನ್ನ ಬೀಜವನ್ನು ಆನ್‌ಲೈನ್‌ನಲ್ಲೂ ಮಾರುತ್ತದೆ. ಉಡುಪಿಯವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಂಗಳೂರಿನವರು ಕಂಕನಾಡಿಯ ಕೇಂದ್ರದಲ್ಲಿ ವಿಚಾರಿಸಿ. ಕೇರಳದ ತಳಿಗಳಿಗೆ ಕಾಸರಗೋಡಿನ ಕಡೆ ನೆಂಟರಿದ್ದರೆ ಕೆಲಸ ಸುಲಭ. ನಮ್ಮಲ್ಲಿ ಯಾರಿಗೆ ಇಲ್ಲ ಹೇಳಿ!

ಪೊಟ್ಟಣದ ಮೇಲೆ ಬೀಜ ಪರೀಕ್ಷಿಸಿದ ದಿನಾಂಕ, ಅವಧಿ, ಮೊಳಕೆಯ ಶೇಕಡಾವಾರು ಬರೆದಿರುತ್ತದೆ. ನೋಡಿ ತನ್ನಿ. ಮಳೆಗಾಲವಿಡೀ ಅಂಗಡಿಯ ಕಪಾಟಿನಲ್ಲಿ ಕುಳಿತ ಬೀಜಕ್ಕೆ ನಮ್ಮ ಥಂಡಿ ಹಿಡಿದಿರುತ್ತದೆ. ಬೇರು ಬಿಟ್ಟ ಸಸಿಯನ್ನೇ ನರ್ಸರಿಯಿಂದ ತರುವವರು ತಳಿಯ ಹೆಸರು ಕೇಳಿ. "ಹೈಬ್ರಿಡ್" ಎನ್ನುವುದು ಹೆಸರಲ್ಲ.

ಏಳನೇ ಹೆಜ್ಜೆ: ನೆಲವೋ, ಚೀಲವೋ

ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಚೀಲವೇ ಗತಿ. ಅದರಲ್ಲಿ ಲಾಭವೂ ಇದೆ. ರೋಗ ಇರುವ ನೆಲದ ಸಹವಾಸ ತಪ್ಪುತ್ತದೆ. ಟೊಮೆಟೊಗೆ 15ರಿಂದ 20 ಲೀಟರ್ ಹಿಡಿಯುವ ಚೀಲ ಬೇಕು, ಮೆಣಸಿಗೆ 10 ಲೀಟರ್ ಸಾಕು. ಚೀಲಕ್ಕೆ ಹಾಕುವ ಮಣ್ಣನ್ನು ಹಳೆಯ ಬದನೆ ಮಡಿಯಿಂದ ತರಬೇಡಿ. ಅಷ್ಟು ಮಾಡಿದರೆ ಚೀಲದಲ್ಲಿ ಸೊರಗು ತಡೆಯದ ತಳಿಗಳನ್ನೂ, ಅರ್ಕಾ ವಿಕಾಸ್‌ನಂಥವನ್ನು, ಧೈರ್ಯವಾಗಿ ಪ್ರಯತ್ನಿಸಬಹುದು. ನನ್ನ ತಂಗಿ ತಾರಸಿಯಲ್ಲಿ ಬೆಳೆಯುವುದು ಅದನ್ನೇ. ನೋಡಿ ಹೊಟ್ಟೆ ಉರಿಯುತ್ತದೆ.

ನೆಲದಲ್ಲಿ ನೆಡುವವರು ಏಪ್ರಿಲ್, ಮೇ ಬಿಸಿಲನ್ನು ಹಾಳು ಮಾಡಬೇಡಿ. ಮಡಿಗೆ ನೀರು ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಮಣ್ಣು ಬೆಂದು ರೋಗ ತಕ್ಕಮಟ್ಟಿಗೆ ತಗ್ಗುತ್ತದೆ. ನೆಡಲು ಎರಡು ಮೂರು ವಾರ ಇರುವಾಗ ಒಂದು ಸೆಂಟ್ಸ್‌ಗೆ ಎರಡರಿಂದ ಮೂರು ಕಿಲೋ ಸುಣ್ಣ ಬೆರೆಸಿ. ಸುಣ್ಣ ಮತ್ತು ಹಟ್ಟಿಗೊಬ್ಬರ ಒಂದೇ ದಿನ ಬೇಡ, ನಡುವೆ ಹತ್ತು ಹದಿನೈದು ದಿನ ಬಿಡಿ. ಮಡಿ ಒಂದು ಅಡಿ ಎತ್ತರ ಇರಲಿ, ನೀರು ನಿಲ್ಲಬಾರದು. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಮರದ ಅಡಿ ಆಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಗಿಡ ಸಾಯುತ್ತದೆ ಎನ್ನುವವರಿಗೆ ಕಸಿ ಒಂದೇ ದಾರಿ. ಸೊರಗು ತಡೆಯುವ ಬದನೆಯ ಬುಡಕ್ಕೆ ಟೊಮೆಟೊದ ತಲೆ ಕೂಡಿಸುವುದು. ಬೇರು ಬದನೆಯದು, ಹಣ್ಣು ಟೊಮೆಟೊದ್ದು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲೆ ಇರಲೇಬೇಕು. ಮುಚ್ಚಿದರೆ ಟೊಮೆಟೊ ತನ್ನದೇ ಬೇರು ಬಿಟ್ಟು ರೋಗವನ್ನು ಒಳಕ್ಕೆ ಕರೆಯುತ್ತದೆ. ಮೆಣಸಿಗೆ ಬದನೆಯ ಬುಡ ಹೊಂದುವುದಿಲ್ಲ.

ಎಂಟನೇ ಹೆಜ್ಜೆ: ಎರಡು ತಳಿ ಪಕ್ಕಪಕ್ಕ

ಬೀಜವನ್ನು ಟ್ರೇಯಲ್ಲಿ, ಕಾಲು ಇಂಚು ಆಳಕ್ಕೆ, ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರ ಬೆರೆಸಿ ಹಾಕಿ. ಟೊಮೆಟೊ ವಾರದೊಳಗೆ ಮೊಳೆಯುತ್ತದೆ. ಮೆಣಸು ಎರಡು ವಾರ ಕಾಯಿಸುತ್ತದೆ, ನೆಡಲು 40 ದಿನ ಬೇಕು. ಹಾಗಾಗಿ ಮೆಣಸಿನ ಬೀಜ ಹತ್ತು ದಿನ ಮೊದಲೇ ಹಾಕಿ. ಅಕ್ಟೋಬರಿನಲ್ಲಿ ಸಂಜೆ ಗುಡುಗಿ ಸುರಿಯುವ ಮಳೆಗೆ ಟ್ರೇ ಸಿಗದಂತೆ ಮಾಡಿನ ಕೆಳಗೆ ಇಡಿ.

ಮೊದಲ ವರ್ಷ ಟೊಮೆಟೊದಲ್ಲಿ ಎರಡು ತಳಿ, ಮೆಣಸಿನಲ್ಲಿ ಎರಡು ತಳಿ ಸಾಕು. ಟೊಮೆಟೊ ಒಂದೊಂದರದು ಆರಾರು ಗಿಡ, ಮೆಣಸು ಒಂದೊಂದರದು ಎರಡೆರಡು. ಒಂದೇ ಮಡಿಯಲ್ಲಿ ಒಂದು ಬಿಟ್ಟು ಒಂದು ನೆಡಿ. ಒಂದು ತಳಿ ಈ ಮೂಲೆಗೆ, ಇನ್ನೊಂದು ಆ ಮೂಲೆಗೆ ನೆಟ್ಟರೆ ಗೆದ್ದದ್ದು ತಳಿಯೋ ಮೂಲೆಯೋ ಗೊತ್ತಾಗುವುದಿಲ್ಲ. ಗೂಟಕ್ಕೆ ಹೆಸರು ಬರೆಯುವಾಗ ಪೆನ್ಸಿಲ್ ಬಳಸಿ. ಪೆನ್ನಿನ ಶಾಯಿ ಒಂದೇ ಮಳೆಗೆ ಹೋಗುತ್ತದೆ. ನೆಟ್ಟ ದಿನ, ಮೊದಲ ಹೂ, ಮೊದಲ ಹಣ್ಣು, ಸತ್ತ ಗಿಡದ ಲೆಕ್ಕ, ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗೀಚಿಡಿ. ನನ್ನ ಹಿತ್ತಿಲಿನಲ್ಲಿ ಕಳೆದ ಸಲ ಅರ್ಕಾ ಆಭಾದ ಆರರಲ್ಲಿ ಐದು, ಅನಘದ ಆರರಲ್ಲಿ ನಾಲ್ಕು ಉಳಿದವು. ನಿಮ್ಮಲ್ಲಿ ತಿರುಗುಮುರುಗು ಆಗಬಹುದು. ತಡೆಯುವ ಶಕ್ತಿ ಊರಿಂದ ಊರಿಗೆ, ಮಣ್ಣಿಂದ ಮಣ್ಣಿಗೆ ಹೆಚ್ಚುಕಡಿಮೆ ಆಗುತ್ತದೆ.

ಕೊನೆಯವರೆಗೂ ನಿಂತ ಗಿಡದಿಂದಲೇ ಬೀಜ ತೆಗೆಯಿರಿ. ಹೈಬ್ರಿಡ್ ಬೇಡ, ಮುಂದಿನ ತಲೆಮಾರಿನಲ್ಲಿ ಗುಣ ಚದುರಿಹೋಗುತ್ತದೆ. ಚೆನ್ನಾಗಿ ಹಣ್ಣಾದ ಟೊಮೆಟೊದ ತಿರುಳನ್ನು ಲೋಟದಲ್ಲಿ ಎರಡು ದಿನ ಹುಳಿಬರಿಸಿ, ತೊಳೆದು, ನೆರಳಿನಲ್ಲಿ ತಟ್ಟೆಯ ಮೇಲೆ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ. ಟೊಮೆಟೊ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ತಳಿ ಕೆಡುವುದು ಅಪರೂಪ. ಮೆಣಸು ಹಾಗಲ್ಲ. ಪಕ್ಕದಲ್ಲಿ ಉಜ್ವಲ ಇದ್ದರೆ ಜೇನುನೊಣ ಆಚೀಚೆ ಓಡಾಡಿ, ಮುಂದಿನ ವರ್ಷ ನಿಮ್ಮ ಬಜ್ಜಿ ಮೆಣಸಿನ ಪೋಡಿ ತಿಂದವರು ಕಣ್ಣಲ್ಲಿ ನೀರು ಹಾಕುತ್ತಾರೆ. ಬೀಜಕ್ಕೆಂದು ಬಿಡುವ ಕೊಂಬೆಗೆ ಹೂ ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿ, ದಿನಾ ಬೆಳಿಗ್ಗೆ ಮೆಲ್ಲಗೆ ಅಲುಗಿಸಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಕೆಂಪು ದಾರ ಕಟ್ಟಿಡಿ, ಇಲ್ಲದಿದ್ದರೆ ಅದೇ ಕಾಯಿ ಒಗ್ಗರಣೆಗೆ ಹೋಗಿರುತ್ತದೆ. ನಮ್ಮಲ್ಲಿ ಎರಡು ಸಲ ಹೋಗಿದೆ. ಒಣಗಿದ ಬೀಜಕ್ಕೆ ಸ್ವಲ್ಪ ಬೂದಿ ಬೆರೆಸಿ ಗಾಳಿಯಾಡದ ಬಾಟಲಿಗೆ ತುಂಬಿಸಿ. ತಳಿ, ವರ್ಷ ಬರೆದು, ಮಳೆಗಾಲ ಹಿಡಿಯುವ ಮೊದಲೇ, ಅಂದರೆ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟುಬಿಡಿ.